ಡಿಟೆಕ್ಟರಿಸ್ಟ್ಸ್ ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ?

ಹಳೆಗಲ್ಲು

ಬ್ರಿಟಿಷ್ ಹಾಸ್ಯ ಧಾರಾವಾಹಿ ಎಂದ ಕೂಡಲೇ ನಮ್ಮವರ ಬಾಯಲ್ಲಿ ಬರುವ ಹೆಸರುಗಳು ಮೂರೋ ನಾಲ್ಕೋ: ಮಿಸ್ಟರ್ ಬೀನ್, ಯೆಸ್ ಮಿನಿಸ್ಟರ್, ಮೈಂಡ್ ಯುವರ್ ಲ್ಯಾಂಗ್ವೇಜ್. ಸ್ವಲ್ಪ ಈಚಿನವರಾದರೆ ದಿ ಆಫೀಸ್. ‘ಡಿಟೆಕ್ಟರಿಸ್ಟ್ಸ್’ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಈ ವೇದಿಕೆಯಲ್ಲಿ ಹುಡುಕಿದರೂ ಅದರ ಬಗ್ಗೆ ಒಂದು ಸಾಲು ಸಿಗಲಿಲ್ಲ. ಅದಕ್ಕೇ ಈ ಚರ್ಚೆಯನ್ನು ಶುರು ಮಾಡುತ್ತಿದ್ದೇನೆ.

ಕಥೆ ಹೇಳಲು ಹೆಚ್ಚು ಮಾತು ಬೇಕಿಲ್ಲ. ಇಂಗ್ಲೆಂಡಿನ ಎಸೆಕ್ಸ್ ಸೀಮೆಯ ಡೇನ್‌ಬರಿ ಎಂಬ ಕಲ್ಪಿತ ಊರಿನಲ್ಲಿ ಆಂಡಿ, ಲ್ಯಾನ್ಸ್ ಎಂಬ ಇಬ್ಬರು ಗೆಳೆಯರು ಬಿಡುವು ಸಿಕ್ಕಾಗಲೆಲ್ಲ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುತ್ತಾರೆ. ಏಳನೆಯ ಶತಮಾನದ ಸ್ಯಾಕ್ಸನ್ ದೊರೆ ಸೆಕ್ಸ್‌ರೆಡ್‌ನ ಸಮಾಧಿ ಇಲ್ಲೇ ಎಲ್ಲೋ ಇದೆ ಎಂಬುದು ಅವರ ನಂಬಿಕೆ. ಸಿಗುವುದು ಮಾತ್ರ ತಂಪು ಪಾನೀಯದ ಡಬ್ಬಿಯ ಉಂಗುರ, ಹಳೆಯ ಅಂಗಿಯ ಗುಂಡಿ, ತುಕ್ಕು ಹಿಡಿದ ಮೊಳೆ.

ಬರೆದವರು, ನಿರ್ದೇಶಿಸಿದವರು, ಆಂಡಿಯಾಗಿ ನಟಿಸಿದವರು ಎಲ್ಲವೂ ಒಬ್ಬರೇ: ಮ್ಯಾಕೆಂಜಿ ಕ್ರೂಕ್. ದಿ ಆಫೀಸ್ ನೋಡಿದವರಿಗೆ ಗ್ಯಾರೆತ್ ನೆನಪಿರುತ್ತಾನೆ. ಪೈರೇಟ್ಸ್ ಆಫ್ ದಿ ಕೆರಿಬಿಯನ್ ನೋಡಿದವರಿಗೆ ಮರದ ಕಣ್ಣಿನ ಕಡಲ್ಗಳ್ಳ ನೆನಪಿರುತ್ತಾನೆ. ಅದೇ ಮನುಷ್ಯ. ಲ್ಯಾನ್ಸ್ ಆಗಿ ಟೋಬಿ ಜೋನ್ಸ್. 2014ರಲ್ಲಿ ಬಿಬಿಸಿ ಫೋರ್‌ನಲ್ಲಿ ಮೊದಲ ಸರಣಿ, 2015ರಲ್ಲಿ ಎರಡನೆಯದು, 2017ರಲ್ಲಿ ಮೂರನೆಯದು, ಪ್ರತಿಯೊಂದರಲ್ಲಿ ಆರು ಕಂತು. 2015ರ ಕ್ರಿಸ್ಮಸ್‌ಗೆ ಒಂದು ವಿಶೇಷ ಕಂತು, 2022ರ ಡಿಸೆಂಬರಿನಲ್ಲಿ ಇನ್ನೊಂದು ದೀರ್ಘ ಕಂತು. ಬಿಬಿಸಿ ಫೋರ್ ಎಂದರೆ ಸಾಕ್ಷ್ಯಚಿತ್ರ, ಸಂಗೀತ, ಕಲೆಗಳಿಗೆ ಮೀಸಲಾದ ಸಣ್ಣ ವಾಹಿನಿ. ಹಾಸ್ಯ ಬೇಕೆಂದು ಆ ಕಡೆ ತಿರುಗುವವರು ಕಡಿಮೆ. 2015ರಲ್ಲಿ ಬಾಫ್ಟಾ ಪ್ರಶಸ್ತಿ ಬಂದಿತು. ಆದರೂ ಹೊರದೇಶಗಳಲ್ಲಿ, ಅದರಲ್ಲೂ ನಮ್ಮಲ್ಲಿ, ಅದು ತಲುಪಬೇಕಾದವರನ್ನು ತಲುಪಲಿಲ್ಲ ಎಂದೇ ನನ್ನ ಕೊರಗು.

ನನಗೆ ಇದು ಏಕೆ ಇಷ್ಟ ಎಂದರೆ, ಹವ್ಯಾಸಿಯನ್ನು ಗೇಲಿ ಮಾಡುವುದು ಹಾಸ್ಯದಲ್ಲಿ ಅತಿ ಸುಲಭದ ದಾರಿ. ನಾಣ್ಯ ಕೂಡಿಡುವವನು, ರೈಲಿನ ಸಂಖ್ಯೆ ಬರೆದುಕೊಳ್ಳುವವನು, ಹಕ್ಕಿಯ ಹಿಂದೆ ಬೈನಾಕ್ಯುಲರ್ ಹಿಡಿದು ಓಡುವವನು, ಇವರನ್ನೆಲ್ಲ ಪೆದ್ದರಂತೆ ತೋರಿಸಿ ನಗಿಸಿದ ಧಾರಾವಾಹಿಗಳು ಎಷ್ಟೋ. ಕ್ರೂಕ್ ಆ ದಾರಿಯನ್ನು ತುಳಿಯಲೇ ಇಲ್ಲ. ಅವರು ಸ್ವತಃ ಡಿಟೆಕ್ಟರ್ ಹಿಡಿದು ಹೊಲಕ್ಕೆ ಇಳಿಯುವ ಹವ್ಯಾಸ ಉಳ್ಳವರು. ಆಂಡಿ, ಲ್ಯಾನ್ಸ್ ಮಾಡುತ್ತಿರುವುದು ಅರ್ಥವುಳ್ಳ ಕೆಲಸ ಎಂದು ಧಾರಾವಾಹಿ ಪೂರ್ತಿಯಾಗಿ ನಂಬುತ್ತದೆ, ನಮ್ಮನ್ನೂ ನಂಬಿಸುತ್ತದೆ. ಅಷ್ಟಾಗಿಯೂ ಹೊಟ್ಟೆ ತುಂಬ ನಗಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಸಾಧಿಸಿದ ಇನ್ನೊಂದು ಧಾರಾವಾಹಿ ನನಗಂತೂ ಗೊತ್ತಿಲ್ಲ.

ನೋಡಿದವರು ಬನ್ನಿ, ಮಾತಾಡೋಣ.

ಸಂಜೆಮಲ್ಲಿಗೆ

ಹಳೆಗಲ್ಲು ಅವರೇ, ಈ ಹೆಸರನ್ನು ಕನ್ನಡದಲ್ಲಿ ಓದಿ ನಿಜಕ್ಕೂ ಖುಷಿಯಾಯಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಮರದ ಬುಡದ ಮಾತುಕತೆ. ಹೊಲದ ಅಂಚಿನ ಮರದ ಕೆಳಗೆ ಕುಳಿತು, ಫ್ಲಾಸ್ಕಿನ ಚಹಾ ಕುಡಿಯುತ್ತಾ, ಹಿಂದಿನ ರಾತ್ರಿ ಟಿವಿಯಲ್ಲಿ ಬಂದ ಯೂನಿವರ್ಸಿಟಿ ಚಾಲೆಂಜ್ ರಸಪ್ರಶ್ನೆಯ ಬಗ್ಗೆ ಮಾತಾಡುತ್ತಾರಲ್ಲ, ಆ ಮಾತಿನಲ್ಲಿ ಕಥೆಗೆ ಬೇಕಾದದ್ದು ಏನೂ ಇರುವುದಿಲ್ಲ. ಆದರೆ ಇಬ್ಬರು ಗಂಡಸರು ತಮ್ಮ ಮನಸ್ಸಿನ ನೋವನ್ನು ನೇರವಾಗಿ ಹೇಳಲಾರದೆ ರಸಪ್ರಶ್ನೆಯ ನೆಪದಲ್ಲಿ ಒಬ್ಬರ ಹತ್ತಿರ ಒಬ್ಬರು ಕೂರುವುದನ್ನು ಇಷ್ಟು ಸರಿಯಾಗಿ ಬರೆದವರು ಕಡಿಮೆ. ಮೌನವಾಗುವ ಕ್ಷಣವೂ ಅಷ್ಟೇ ಚೆನ್ನ. ಯಾರೂ ಅದನ್ನು ತುಂಬಲು ಅವಸರ ಮಾಡುವುದಿಲ್ಲ.

ಟೋಬಿ ಜೋನ್ಸ್ ಬಗ್ಗೆ ಹೇಳದೆ ಇರಲಾರೆ. ಲ್ಯಾನ್ಸ್ ತರಕಾರಿ ಮಂಡಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ, ಹಳದಿ ಬಣ್ಣದ ಟ್ರಯಂಫ್ ಟಿಆರ್7 ಕಾರನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ, ಬಿಟ್ಟುಹೋದ ಹೆಂಡತಿಗಾಗಿ ಮ್ಯಾಂಡೊಲಿನ್ ಹಿಡಿದು ಹಾಡು ಕಟ್ಟುತ್ತಾನೆ. ಈ ಪಾತ್ರವನ್ನು ಕನಿಕರದ ಪಾತ್ರ ಮಾಡುವುದು ಬಹಳ ಸುಲಭವಿತ್ತು. ಜೋನ್ಸ್ ಹಾಗೆ ಮಾಡಲು ಬಿಡಲಿಲ್ಲ. ಲ್ಯಾನ್ಸ್‌ಗೆ ತನ್ನ ಜ್ಞಾನದ ಬಗ್ಗೆ ಹೆಮ್ಮೆ ಇದೆ, ಚುಚ್ಚು ಮಾತಿನ ಚುರುಕಿದೆ, ಎದೆಯಲ್ಲಿ ದೊಡ್ಡ ಗಾಯವಿದೆ. ಮೂರೂ ಒಂದೇ ಮುಖದಲ್ಲಿ ಕಾಣುತ್ತವೆ. 2018ರಲ್ಲಿ ಅವರಿಗೆ ಈ ಪಾತ್ರಕ್ಕೆ ಬಾಫ್ಟಾ ಬಂದದ್ದು ತೀರಾ ನ್ಯಾಯ.

ಬಯಲುಸೀಮೆ

ನಾನು ಮೊದಲ ಸರಣಿಯಲ್ಲಿ ಎರಡು ಕಂತು ನೋಡಿ ಬಿಟ್ಟವನು. ನಿಮ್ಮ ಪ್ರೀತಿ ಅರ್ಥವಾಗುತ್ತದೆ, ಆದರೆ ಹಾಸ್ಯಕ್ಕೆ ಒತ್ತಡ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಫಾಲ್ಟಿ ಟವರ್ಸ್‌ನಲ್ಲಿ ಬಾಗಿಲು ತೆರೆದರೆ ಒಂದು ಅನಾಹುತ, ಮುಚ್ಚಿದರೆ ಇನ್ನೊಂದು. ಇಲ್ಲಿ ಇಬ್ಬರು ನಡೆಯುತ್ತಾರೆ, ಕೂರುತ್ತಾರೆ, ಮತ್ತೆ ನಡೆಯುತ್ತಾರೆ. ಹೊಲ ಸುಂದರವಾಗಿದೆ, ಒಪ್ಪಿದೆ. ನಗು ಎಲ್ಲಿದೆ?

ಹಳೆಗಲ್ಲು

ಬಯಲುಸೀಮೆ ಅವರೇ, ನ್ಯಾಯವಾದ ಪ್ರಶ್ನೆ. ನಗು ಎಲ್ಲಿದೆ ಎಂದು ಜಾಗ ತೋರಿಸಿಯೇ ಹೇಳುತ್ತೇನೆ.

ಎದುರಾಳಿ ತಂಡವನ್ನು ನೆನಪಿಸಿಕೊಳ್ಳಿ. ಅದೇ ಹೊಲದ ಮೇಲೆ ಕಣ್ಣಿಟ್ಟಿರುವ ಇಬ್ಬರು, ಫಿಲ್ ಮತ್ತು ಪಾಲ್. ಒಬ್ಬ ಎತ್ತರ, ಗುಂಗುರು ಕೂದಲು. ಇನ್ನೊಬ್ಬ ಗಿಡ್ಡ, ಕಪ್ಪು ಕೂದಲು. ನೋಡಲು ಥೇಟ್ ಸೈಮನ್ ಮತ್ತು ಗಾರ್ಫಂಕೆಲ್ ಜೋಡಿ. ಆಂಡಿ, ಲ್ಯಾನ್ಸ್ ಇಬ್ಬರೂ ಈ ಜೋಡಿಯೊಂದಿಗೆ ಗಂಭೀರವಾಗಿ ಜಗಳವಾಡುತ್ತಲೇ ಮಾತಿನ ನಡುವೆ ಆ ಗಾಯಕರ ಹಾಡಿನ ಸಾಲುಗಳನ್ನು ತೂರಿಸುತ್ತಾ ಹೋಗುತ್ತಾರೆ. ಕ್ಯಾಮೆರಾ ಅದನ್ನು ಎತ್ತಿ ತೋರಿಸುವುದಿಲ್ಲ, ಹಿನ್ನೆಲೆಯಲ್ಲಿ ನಗುವಿನ ಸದ್ದು ಇಲ್ಲ. ಹಿಡಿದರೆ ನಿಮಗೆ, ಬಿಟ್ಟರೆ ಇಲ್ಲ. ಮುಂದೆ ಅದೇ ಜೋಡಿ ತಮ್ಮ ತಂಡದ ಹೆಸರು ಬದಲಿಸಿಕೊಂಡು ಮತ್ತೆ ಬರುತ್ತದೆ, ಹೊಸ ಹೆಸರು ಹಳೆಯದಕ್ಕಿಂತ ಇನ್ನಷ್ಟು ಬಿಗುಮಾನದ್ದು.

ಊರಿನ ಡಿಟೆಕ್ಟರ್ ಹವ್ಯಾಸಿಗಳ ಕ್ಲಬ್ಬಿನ ಅಧ್ಯಕ್ಷ ಟೆರ್ರಿ ನಿವೃತ್ತ ಪೊಲೀಸ್. ವಾಯವ್ಯ ಎಸೆಕ್ಸಿನಲ್ಲಿ ಸಾಮಾನ್ಯವಾಗಿ ಸಿಗುವ ಅಂಗಿ ಗುಂಡಿಗಳ ಬಗ್ಗೆಯೇ ಒಂದು ಪುಸ್ತಕ ಬರೆದವನು. ಸ್ಕೌಟ್ ಗುಡಿಸಲಿನಲ್ಲಿ ಹತ್ತು ಜನರ ಮುಂದೆ ಆತ ಅದರ ಬಗ್ಗೆ ಮಾತಾಡುವ ಶ್ರದ್ಧೆ ನೋಡಬೇಕು. ಅವನ ಹೆಂಡತಿ ಶೀಲಾ ಆ ಶ್ರದ್ಧೆಯನ್ನು ಕಣ್ಣು ತುಂಬಿಕೊಂಡು ನೋಡುವುದನ್ನೂ ನೋಡಬೇಕು. ಅಲ್ಲಿ ವಾರ್ಡೆ ಎಂಬ ಸದಸ್ಯೆ ಇದ್ದಾಳೆ, ಎಲ್ಲರ ನಡುವೆ ಬಾಯಿ ಬಿಡದೆ ಕುಳಿತಿರುತ್ತಾಳೆ. ಹೊಲದ ಒಡೆಯ ಲ್ಯಾರಿ ಬಿಷಪ್ ಅಂಗಳದಲ್ಲಿ ಇಲ್ಲದ ನಾಯಿಗಳನ್ನು ಗದರಿಸುತ್ತಾನೆ. ಹೊಲಕ್ಕೆ ಇಳಿಯಲು ಅನುಮತಿ ಬೇಕಾದ್ದರಿಂದ ಇವರಿಬ್ಬರೂ ಆ ನಾಯಿಗಳನ್ನು ಮರ್ಯಾದೆಯಿಂದ ದಾಟಿಕೊಂಡು ಹೋಗುತ್ತಾರೆ.

ಒತ್ತಡ ಬೇಕು ಎಂದಿರಿ. ಒತ್ತಡ ಇದೆ, ಆದರೆ ಅದು ಮಣ್ಣಿನ ಕೆಳಗಿದೆ. ಸದ್ದು ಬಂದ ಜಾಗದಲ್ಲಿ ಮಂಡಿಯೂರಿ ಅಗೆಯುವ ಆ ಅರ್ಧ ನಿಮಿಷ, ಇದು ಚಿನ್ನವೋ ಮುಚ್ಚಳವೋ ಎಂಬ ಕುತೂಹಲ ಪ್ರತಿ ಸಲವೂ ನನ್ನನ್ನು ಹಿಡಿಯುತ್ತದೆ.

ಓರ್ವೆಲ್ ದಂಡೆ

ನಾನು ಇಪ್ಸ್‌ವಿಚ್ ಸಮೀಪ ಇರುವವನು, ಆದ್ದರಿಂದ ಹೊಲದ ಕಡೆಯಿಂದ ಒಂದು ಮಾತು. ಕಥೆ ಎಸೆಕ್ಸಿನದ್ದು, ಚಿತ್ರೀಕರಣ ಬಹುಪಾಲು ಪಕ್ಕದ ಸಫೊಕ್‌ನಲ್ಲಿ. ಡೇನ್‌ಬರಿ ಎಂದು ತೋರಿಸುವ ಊರಿನ ಚೌಕ ಫ್ರಾಮ್ಲಿಂಗಮ್‌ನದ್ದು. ಇಲ್ಲಿ ಬೆಟ್ಟವಿಲ್ಲ, ಜಲಪಾತವಿಲ್ಲ, ಪ್ರವಾಸಿಗಳ ಕ್ಯಾಮೆರಾಕ್ಕೆ ಸಿಗುವಂಥದ್ದು ಹೆಚ್ಚೇನೂ ಇಲ್ಲ. ಬಾರ್ಲಿ ಹೊಲ, ಮುಳ್ಳುಬೇಲಿಯ ಸಾಲು, ಒಂಟಿ ಓಕ್ ಮರ, ದೊಡ್ಡ ಆಕಾಶ, ಅಷ್ಟೇ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ದಾಟಿದರೂ ಬಿಸಿಲು ಓರೆಯಾಗಿ ಹೊಲದ ಮೇಲೆ ಬಿದ್ದಿರುತ್ತದೆ. ಧಾರಾವಾಹಿಯಲ್ಲಿ ಕಾಣುವ ಆ ಬೆಳಕು ನಿಜವಾದದ್ದು. ತೆನೆಯ ಮೇಲೆ ಹತ್ತುವ ಕೀಟವನ್ನೂ ಬೇಲಿಯ ಹಕ್ಕಿಯನ್ನೂ ಕ್ರೂಕ್ ನಟರಷ್ಟೇ ಗಮನವಿಟ್ಟು ತೋರಿಸಿದ್ದಾರೆ. ಜಾನಿ ಫ್ಲಿನ್ ಬರೆದು ಹಾಡಿದ ಶೀರ್ಷಿಕೆ ಗೀತೆ ಆ ಬೆಳಕಿಗಾಗಿಯೇ ಹುಟ್ಟಿದಂತಿದೆ.

ಈ ಮಣ್ಣಿನಲ್ಲಿ ರಾಜರ ಸಮಾಧಿ ಹುಡುಕುವುದು ಹುಚ್ಚುತನವೂ ಅಲ್ಲ. ಇದೇ ಸಫೊಕ್‌ನ ಸಟನ್ ಹೂ ಎಂಬಲ್ಲಿ 1939ರಲ್ಲಿ ಬೇಸಿಲ್ ಬ್ರೌನ್ ದಿಬ್ಬ ಅಗೆದಾಗ 27 ಮೀಟರ್ ಉದ್ದದ ಹಡಗಿನ ಅಚ್ಚು, ಅದರ ನಡುವೆ ಏಳನೆಯ ಶತಮಾನದ ದೊರೆಗೆ ತಕ್ಕ ಚಿನ್ನ, ಶಿರಸ್ತ್ರಾಣ ಸಿಕ್ಕಿದವು. ಬ್ರೌನ್ ಹೆಚ್ಚು ಓದಿದವರಲ್ಲ, ತಾವೇ ಕಲಿತು ಅಗೆಯುತ್ತಿದ್ದ ಸ್ಥಳೀಯರು. 2003ರಲ್ಲಿ ಎಸೆಕ್ಸಿನ ಪ್ರಿಟಲ್‌ವೆಲ್‌ನಲ್ಲಿ ರಸ್ತೆಗೂ ರೈಲು ಹಳಿಗೂ ನಡುವಿನ ಜಾಗದಲ್ಲಿ ಇನ್ನೊಂದು ಸ್ಯಾಕ್ಸನ್ ರಾಜಮನೆತನದ ಗೋರಿ ಸಿಕ್ಕಿತು. ಸೆಕ್ಸ್‌ರೆಡ್ ಕೂಡ ಕಲ್ಪನೆಯಲ್ಲ, ಎಸೆಕ್ಸನ್ನು ಆಳಿದ ನಿಜವಾದ ದೊರೆ. ಆಂಡಿ, ಲ್ಯಾನ್ಸ್ ಕನಸು ಕಾಣುವುದು ಇಂಥ ನೆಲದ ಮೇಲೆ ನಿಂತು.

ಶಾಸನಪ್ರಿಯ

ಒಳ್ಳೆಯ ಚರ್ಚೆ. ಪುರಾತತ್ತ್ವ ಓದಿದವಳಾಗಿ ನನಗೆ ಈ ಧಾರಾವಾಹಿಯ ಮೇಲೆ ವಿಶೇಷ ಗೌರವ.

ಇಂಗ್ಲೆಂಡಿನಲ್ಲಿ ಹೊಲದ ಒಡೆಯನ ಅನುಮತಿ ಇದ್ದರೆ ಡಿಟೆಕ್ಟರ್ ಬಳಸಬಹುದು. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಬಳಸುವಂತಿಲ್ಲ. 1996ರ ನಿಧಿ ಕಾಯ್ದೆಯ ಪ್ರಕಾರ ನಿಧಿ ಎನ್ನಿಸಿಕೊಳ್ಳುವಂಥದ್ದು ಸಿಕ್ಕರೆ 14 ದಿನಗಳೊಳಗೆ ಕೊರೊನರ್ ಎಂಬ ಅಧಿಕಾರಿಗೆ ತಿಳಿಸಬೇಕು. ವಸ್ತು ಸಂಗ್ರಹಾಲಯಕ್ಕೆ ಹೋದರೆ ಅದರ ಬೆಲೆ ಕಟ್ಟಿ, ಸಾಮಾನ್ಯವಾಗಿ ಸಿಕ್ಕವನಿಗೂ ಹೊಲದವನಿಗೂ ಹಂಚುತ್ತಾರೆ. 2009ರಲ್ಲಿ ಒಬ್ಬ ಹವ್ಯಾಸಿಗೆ ಸಿಕ್ಕ ಸ್ಟಾಫರ್ಡ್‌ಶೈರ್ ನಿಧಿಗೆ 32.85 ಲಕ್ಷ ಪೌಂಡ್ ಬೆಲೆ ಕಟ್ಟಲಾಯಿತು, ಎರಡು ಸಂಗ್ರಹಾಲಯಗಳು ಕೂಡಿ ಕೊಂಡವು. ನಿಧಿಯ ವ್ಯಾಖ್ಯೆಗೆ ಸೇರದ ಸಣ್ಣಪುಟ್ಟ ವಸ್ತುಗಳನ್ನೂ ದಾಖಲಿಸಲು 1997ರಿಂದ ಒಂದು ಪ್ರತ್ಯೇಕ ಯೋಜನೆ ಇದೆ, ಜಿಲ್ಲೆ ಜಿಲ್ಲೆಗೆ ಅದರ ಅಧಿಕಾರಿಗಳಿದ್ದಾರೆ. ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆ ಎಂದರೆ, ಲ್ಯಾನ್ಸ್ ಈ ನಿಯಮಗಳನ್ನು ಪೂಜಾರಿ ಮಡಿ ಕಾಯ್ದಂತೆ ಕಾಯುತ್ತಾನೆ. ಏನು ಸಿಕ್ಕಿತು ಎನ್ನುವಷ್ಟೇ ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತು ಎನ್ನುವುದೂ ಮುಖ್ಯ ಎಂಬ ಪುರಾತತ್ತ್ವದ ಮೊದಲ ಪಾಠ ಇಲ್ಲಿ ಹಾಸ್ಯದ ಒಳಗೇ ಇದೆ. ಆಂಡಿ ಬದಲಿ ಕೆಲಸಗಳನ್ನು ಮಾಡಿಕೊಂಡು ಪುರಾತತ್ತ್ವ ಪದವಿಗೆ ಓದುತ್ತಿರುವುದೂ ಅದೇ ಕಾರಣಕ್ಕೆ.

ಕತ್ತಲಲ್ಲಿ ಕದ್ದು ಅಗೆಯುವವರ ಬಗ್ಗೆ ಇವರಿಗಿರುವ ಸಿಟ್ಟು ನನಗೆ ಬಹಳ ಹತ್ತಿರದ್ದು. ನಮ್ಮಲ್ಲಿ ನಿಧಿಗಳ್ಳರು ಹಾಳು ಗುಡಿಗಳ ಗರ್ಭಗೃಹ ಅಗೆದು, ನಂದಿಯ ವಿಗ್ರಹ ಒಡೆದು, ಲಿಂಗ ಕಿತ್ತು ಹಾಕಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಏನೂ ಸಿಗದಿದ್ದರೂ ಶಾಸನ ಹೋಳಾಗಿರುತ್ತದೆ. ನಿಧಿಯ ಕಥೆ ಎಂದರೆ ದುರಾಸೆಯ ಕಥೆ ಎಂದೇ ನಾವು ಕೇಳಿ ಬೆಳೆದವರು. ನಿಧಿ ಹುಡುಕುವವರನ್ನು ದುರಾಸೆಯಿಲ್ಲದ ಮನುಷ್ಯರಾಗಿ ಬರೆಯಬಹುದು ಎಂಬುದೇ ನನಗೆ ದೊಡ್ಡ ಸಂತೋಷ ಕೊಟ್ಟಿತು. ಇವರಿಗೆ ಬೇಕಾದದ್ದು ದುಡ್ಡಲ್ಲ. ಸಾವಿರ ವರ್ಷದ ಹಿಂದೆ ಯಾರದೋ ಕೈಜಾರಿದ ವಸ್ತುವನ್ನು ಮೊದಲು ಮುಟ್ಟುವವರು ತಾವಾಗಬೇಕು, ಅಷ್ಟೇ.

ಸಂಜೆಮಲ್ಲಿಗೆ

ಶಾಸನಪ್ರಿಯ ಅವರೇ, ಕೊನೆಯ ಮಾತಿಗೆ ನನ್ನದೂ ಒಂದು ಸಹಿ.

ಆದರೆ ಪ್ರೀತಿ ಇದ್ದಲ್ಲಿ ತಕರಾರೂ ಇರಬೇಕು. ಮ್ಯಾಗಿಯ ಪಾತ್ರ ನನಗೆ ಒಪ್ಪಿಗೆಯಿಲ್ಲ. ಲ್ಯಾನ್ಸ್‌ನ ಮಾಜಿ ಹೆಂಡತಿ, ಹರಳು ಧೂಪ ಮಾರುವ ಅಂಗಡಿಯವಳು, ಹೊಸ ಗೆಳೆಯ ಪಿಜ್ಜಾ ಹಟ್ ಮ್ಯಾನೇಜರ್. ಅವಳು ಬಂದಾಗಲೆಲ್ಲ ಲ್ಯಾನ್ಸ್‌ನನ್ನು ಬಳಸಿಕೊಳ್ಳಲೆಂದೇ ಬರುತ್ತಾಳೆ. ಊರಿನ ಪ್ರತಿಯೊಬ್ಬ ವಿಚಿತ್ರ ಮನುಷ್ಯನಿಗೂ ಒಂದು ಒಳಮನಸ್ಸು ಕೊಟ್ಟ ಕ್ರೂಕ್ ಇವಳಿಗೆ ಏಕೆ ಕೊಡಲಿಲ್ಲ? ಮೊದಲ ಸರಣಿಯಲ್ಲಿ ಕ್ಲಬ್ಬಿಗೆ ಹೊಸದಾಗಿ ಸೋಫಿ ಎಂಬ ಹುಡುಗಿ ಬಂದಾಗಿನ ತಪ್ಪು ತಿಳಿವಳಿಕೆಯ ಪ್ರಸಂಗವೂ ಬೇರೆಡೆ ನೋಡಿದಂಥದ್ದೇ.

ಆಂಡಿಯ ಸಂಗಾತಿ ಬೆಕಿಯ ವಿಷಯ ಬೇರೆ. ಗಂಡನ ಹುಚ್ಚನ್ನು ಸಹಿಸುವ ಹೆಂಡತಿ ಎಂಬ ಹಳೆಯ ಅಚ್ಚಿಗೆ ಅವಳು ಬೀಳುವುದಿಲ್ಲ. ಅವಳು ಆಂಡಿಗಿಂತ ಚುರುಕು, ಅವನಿಗಿಂತ ಹೆಚ್ಚು ನಗಿಸುತ್ತಾಳೆ, ಅವನಿಗೆ ಧೈರ್ಯ ಬೇಕಾದಾಗ ತಳ್ಳುತ್ತಾಳೆ. ಆ ಪಾತ್ರ ಮಾಡಿದ ರೇಚಲ್ ಸ್ಟರ್ಲಿಂಗ್ ಅವರ ತಾಯಿಯಾಗಿ ಧಾರಾವಾಹಿಯಲ್ಲಿ ಬರುವವರು ಡಯಾನಾ ರಿಗ್, ನಿಜ ಜೀವನದಲ್ಲೂ ಅವರ ತಾಯಿಯೇ. ಮೂರನೆಯ ಸರಣಿಯಲ್ಲಿ ಆಂಡಿ ಸಂಸಾರ ಸಮೇತ ಅತ್ತೆಯ ಮನೆಯಲ್ಲಿ ಇರಬೇಕಾಗಿ ಬರುತ್ತದೆ. ಅತ್ತೆ ಒಂದು ಹುಬ್ಬು ಎತ್ತಿದರೆ ಸಾಕು, ಅಳಿಯನ ಇಡೀ ದಿನ ಕೆಡುತ್ತದೆ. ತಾಯಿ ಮಗಳು ಒಂದೇ ಚೌಕಟ್ಟಿನಲ್ಲಿ ಇರುವ ದೃಶ್ಯಗಳಲ್ಲಿ ನಟನೆಗೆ ಸಿಗದ ಒಂದು ಸಲುಗೆ ಇದೆ. ರಿಗ್ 2020ರಲ್ಲಿ ತೀರಿಕೊಂಡರು. ಈಗ ಆ ದೃಶ್ಯಗಳನ್ನು ನೋಡುವಾಗ ನನ್ನ ಗಂಟಲು ಕಟ್ಟುತ್ತದೆ.

ಹಳೆಗಲ್ಲು

ಮ್ಯಾಗಿಯ ಬಗ್ಗೆ ನೀವು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಒಪ್ಪುತ್ತೇನೆ.

ಈಗ ಅಂತ್ಯಗಳ ಬಗ್ಗೆ ಮಾತಾಡಲೇಬೇಕು. ನೋಡದವರು ಈ ಬರಹವನ್ನು ಬಿಟ್ಟು ಮುಂದಕ್ಕೆ ಹೋಗಿ, ದಯವಿಟ್ಟು.

ಮೂರು ಸರಣಿಗಳಲ್ಲೂ ಕ್ರೂಕ್ ಒಂದೇ ಉಪಾಯವನ್ನು ಮೂರು ರೀತಿಯಲ್ಲಿ ಹೂಡಿದ್ದಾರೆ: ನಿಧಿ ಎಲ್ಲಿದೆ ಎಂದು ನಮಗೆ ತೋರಿಸುತ್ತಾರೆ, ಆಂಡಿ ಲ್ಯಾನ್ಸ್‌ಗೆ ತೋರಿಸುವುದಿಲ್ಲ. ಮೊದಲ ಸರಣಿಯ ಕೊನೆಯಲ್ಲಿ ಇಬ್ಬರೂ ಬರಿಗೈಯಲ್ಲಿ ಹೊಲ ಬಿಟ್ಟು ಹೊರಟ ಮೇಲೆ ಕ್ಯಾಮೆರಾ ಮಣ್ಣಿನೊಳಕ್ಕೆ ಇಳಿಯುತ್ತದೆ. ಅವರು ನಡೆದಾಡಿದ ನೆಲದ ಅಡಿಯಲ್ಲೇ ದೊರೆ ಮಲಗಿದ್ದಾನೆ, ಚಿನ್ನದ ಸಮೇತ. ಎರಡನೆಯದು ಆರಂಭದಲ್ಲೇ ಶತಮಾನಗಳ ಹಿಂದಕ್ಕೆ ಹೋಗಿ, ಸಂನ್ಯಾಸಿಯೊಬ್ಬನ ಕೈಯಿಂದ ಒಡವೆಯೊಂದು ಮಣ್ಣು ಸೇರಿದ್ದನ್ನು ತೋರಿಸುತ್ತದೆ. ಗ್ರಂಥ ಓದುವಾಗ ಸಾಲಿನ ಮೇಲೆ ಇಡುವ ಕಡ್ಡಿಯ ಚಿನ್ನದ ಹಿಡಿ ಅದು. 1693ರಲ್ಲಿ ಸಾಮರ್ಸೆಟ್‌ನಲ್ಲಿ ಸಿಕ್ಕಿ ಈಗ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್‌ನಲ್ಲಿರುವ ಆಲ್ಫ್ರೆಡ್ ಒಡವೆಯನ್ನು ನೋಡಿದವರಿಗೆ ಅದರ ಜಾತಿ ತಿಳಿಯುತ್ತದೆ. ಸರಣಿಯ ಕೊನೆಯಲ್ಲಿ ಅದು ಲ್ಯಾನ್ಸ್‌ಗೆ ಸಿಗುತ್ತದೆ. ಚಿನ್ನ ಸಿಕ್ಕವರು ಕುಣಿಯುವ ಕುಣಿತವೊಂದರ ಬಗ್ಗೆ ಅವರು ಮೊದಲಿನಿಂದ ಮಾತಾಡುತ್ತಿರುತ್ತಾರಲ್ಲ, ಆ ಕುಣಿತವನ್ನು ಕೊನೆಗೂ ನೋಡುವಾಗ ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಮೂರನೆಯದು ಎಲ್ಲಕ್ಕಿಂತ ಮೇಲು. ಆಂಡಿಗೆ ಗಿಡುಗ ಸಾಕುವವರ ಹಳೆಯ ಸಿಳ್ಳೆಯೊಂದು ಸಿಗುತ್ತದೆ. ಮಣ್ಣು ಒರೆಸಿ ಊದುತ್ತಾನೆ. ಆ ಸದ್ದಿಗೆ ಹೊಲದಲ್ಲಿ ಬದುಕಿ ಹೋದವರೆಲ್ಲ ಎದ್ದು ಬಂದಂತೆ ಕಾಲ ಹಿಂದಕ್ಕೆ ಸರಿಯುತ್ತದೆ, ಹಿನ್ನೆಲೆಯಲ್ಲಿ ದಿ ಅನ್‌ಥ್ಯಾಂಕ್ಸ್ ತಂಡದ ಹೆಣ್ಣು ದನಿಗಳು ಮ್ಯಾಗ್‌ಪೈ ಹಕ್ಕಿಯ ಹಾಡು ಹಾಡುತ್ತವೆ. ಹೂತಿಟ್ಟ ನಾಣ್ಯಗಳನ್ನು ತಲೆಮಾರುಗಳಿಂದ ಆ ಹಕ್ಕಿಗಳು ಹೆಕ್ಕಿ ಗೂಡಿಗೆ ಒಯ್ದಿವೆ. ಅಷ್ಟು ವರ್ಷ ನೆಲ ನೋಡುತ್ತಾ ನಡೆದವರ ನಿಧಿ ತಲೆಯ ಮೇಲೆ ಮರದಲ್ಲಿದೆ! ಆ ಹೊಲವೋ ಸೌರ ವಿದ್ಯುತ್ ಘಟಕದ ಪಾಲಾಗಲಿದೆ, ಅವರಿಗೆ ಉಳಿದದ್ದು ಕೆಲವೇ ದಿನ. ಕೊನೆಯಲ್ಲಿ ಮರದಿಂದ ನಾಣ್ಯಗಳು ಉದುರುತ್ತವೆ. ಟಿವಿ ಹಾಸ್ಯದಲ್ಲಿ ಇದಕ್ಕಿಂತ ಚೆಲುವಾದ ಮುಕ್ತಾಯವನ್ನು ನಾನು ಕಂಡಿಲ್ಲ.

ಬಯಲುಸೀಮೆ

ನಿಮ್ಮ ಮಾತಿಗೆ ಬೆಲೆ ಕೊಟ್ಟು ಮೂರನೆಯ ಸರಣಿಯ ಮೊದಲ ಕಂತು ನೋಡಿದೆ. ಸಿಳ್ಳೆಯ ದೃಶ್ಯ ಅದ್ಭುತ, ಎರಡು ಮಾತಿಲ್ಲ. ಹಾಡು ಇನ್ನೂ ಕಿವಿಯಲ್ಲಿದೆ. ಆದರೆ ಅದು ಕವಿತೆಯಾಗಿ ಹಿಡಿಸಿತು, ಹಾಸ್ಯವಾಗಿ ಅಲ್ಲ. ನಾನು ನಕ್ಕದ್ದು ಅತ್ತೆಯ ಮನೆಯ ದೃಶ್ಯಗಳಲ್ಲಿ ಮಾತ್ರ, ಅಲ್ಲಿ ಒತ್ತಡವಿತ್ತು. ಹಾಸ್ಯ ಧಾರಾವಾಹಿ ಎಂಬ ಹಣೆಪಟ್ಟಿ ತೆಗೆದರೆ ನನ್ನ ಜಗಳವಿಲ್ಲ.

ಓರ್ವೆಲ್ ದಂಡೆ

ಬಯಲುಸೀಮೆ ಅವರೇ, ಇಲ್ಲಿನ ಪಬ್ಬಿನಲ್ಲಿ ಒಂದು ಸಂಜೆ ಕುಳಿತರೆ ಆ ಮಾತುಗಳಲ್ಲಿನ ನಗು ಕಿವಿಗೆ ತಾನೇ ಬೀಳುತ್ತದೆ. ಈ ಕಡೆಯ ಜನ ಹಾಸ್ಯವನ್ನು ಗಟ್ಟಿ ದನಿಯಲ್ಲಿ ಹೇಳುವುದೇ ಇಲ್ಲ. ಮುಖ ಬಿಗಿದುಕೊಂಡು ಒಂದು ಮಾತು ಹೇಳಿ ಲೋಟ ಎತ್ತುತ್ತಾರೆ. ಕ್ಲಬ್ಬಿನ ಸದಸ್ಯ ರಸೆಲ್ ಆಗಿ ನಟಿಸಿದ ಪಿಯರ್ಸ್ ಕ್ವಿಗ್ಲಿ ಅವರನ್ನು ಗಮನಿಸಿ. ದನಿ ಏರಿಸದೆ, ಮುಖ ಅಲುಗಿಸದೆ ಕ್ಲಬ್ಬಿನ ಸಭೆಯನ್ನೇ ಕೆಡವುತ್ತಾರೆ.

ತಂಬೂರಿ

ಹೊಸಬಳು. ಇಡೀ ಚರ್ಚೆ ಓದಿ (ಅಂತ್ಯದ ಬರಹ ಬಿಟ್ಟು) ಈ ವಾರ ಶುರು ಮಾಡಬೇಕೆಂದಿದ್ದೇನೆ. ಕ್ರಿಸ್ಮಸ್ ಕಂತನ್ನು ಬಿಟ್ಟು ನೇರವಾಗಿ ಮೂರನೆಯ ಸರಣಿಗೆ ಹೋದರೆ ನಡೆಯುತ್ತದೆಯೇ? 2022ರದ್ದನ್ನು ಯಾವಾಗ ನೋಡಲಿ?

ಸಂಜೆಮಲ್ಲಿಗೆ

ತಂಬೂರಿ ಅವರೇ, ಕ್ರಿಸ್ಮಸ್ ಕಂತನ್ನು ಬಿಡಬೇಡಿ. ಎರಡನೆಯ ಸರಣಿಯ ಕೊನೆಯ ಘಟನೆ ಲ್ಯಾನ್ಸ್‌ನ ಮನಸ್ಸಿಗೆ ಏನು ಮಾಡಿತು ಎಂಬುದು ಅದರಲ್ಲೇ ಇದೆ. ಎರಡನೆಯ ಸರಣಿ ಮುಗಿದ ಮಾರನೆಯ ದಿನವೇ ನೋಡಿ. 2022ರದ್ದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ; ಒಂದೂಕಾಲು ಗಂಟೆ ಇದೆ, ಬಿಡುವು ಮಾಡಿಕೊಂಡು ಕೂರಬೇಕು. ಒಂದು ದಿನಕ್ಕೆ ಒಂದೇ ಕಂತು ಸಾಕು, ಅವಸರಕ್ಕೆ ಒಗ್ಗುವ ಧಾರಾವಾಹಿಯಲ್ಲ. ಮೊದಲ ಸರಣಿ ಮುಗಿದ ಮೇಲೆ ಇಲ್ಲಿ ಬಂದು ಬರೆಯಿರಿ, ಮ್ಯಾಗಿಯ ಬಗ್ಗೆ ನಿಮ್ಮ ಅಭಿಪ್ರಾಯ ನನಗೆ ಬೇಕು.